ಥಾಯ್ಲೆಂಡಿನಲ್ಲಿ ಟೀಚರ್ ಕೆಲಸ: ರಾಮನಗರದ ತಂಗಿಗೆ ಉತ್ತರ

ರಾಮನಗರದಿಂದ ಒಬ್ಬ ತಂಗಿ ಬರೆದು ಕೇಳಿದ್ದಾಳೆ. ಬಿ.ಎಸ್ಸಿ., ಬಿ.ಎಡ್. ಆಗಿದೆ, ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಳೆ. ಥಾಯ್ಲೆಂಡಿನ ಈಶಾನ್ಯ ಭಾಗದ ಖೋನ್ ಕೇನ್ ಊರಿನ ಶಾಲೆಯೊಂದರಲ್ಲಿ ಕೆಲಸ ಇದೆ ಅಂತ ಒಬ್ಬ ಏಜೆಂಟ್ ಹೇಳಿದ್ದಾನೆ. ಸದ್ಯಕ್ಕೆ ವೀಸಾ ಇಲ್ಲದೆ ಬಂದುಬಿಡಿ, ಆಮೇಲೆ ಶಾಲೆಯವರೇ ಎಲ್ಲ ಮಾಡಿಸುತ್ತಾರೆ ಅಂದನಂತೆ. ಊಟಕ್ಕೆ ಏನು ಮಾಡೋದು, ಹೆಣ್ಣುಮಗಳು ಒಬ್ಬಳೇ ಇರಬಹುದಾ, ಕೈಯಲ್ಲಿ ಎಷ್ಟು ಉಳಿಯುತ್ತೆ, ಅಮ್ಮನನ್ನು ಕರೆಸಿಕೊಳ್ಳಬಹುದಾ, ಜನ ಹೇಗೆ ಅನ್ನುವುದು ಅವಳ ಪ್ರಶ್ನೆಗಳು.

ಅಕ್ಕ ಅಂತ ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ಮೊದಲು ಏಜೆಂಟ್ ವಿಷಯ. 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟರು. ಆದರೆ ಅದು ಸುತ್ತಾಡಲು ಬರುವವರಿಗೆ ಕೊಟ್ಟ ಸೌಲಭ್ಯ. ಪಾಠ ಮಾಡಲು ನಾನ್-ಬಿ ವೀಸಾ, ಅಂದರೆ ಕೆಲಸಕ್ಕೆ ಬರುವವರ ವೀಸಾ ಬೇಕು, ಆಮೇಲೆ ವರ್ಕ್ ಪರ್ಮಿಟ್ ಬೇಕು. ಪರ್ಮಿಟ್ ಕೈಗೆ ಬರುವ ಮುಂಚೆ ಸೀಮೆಸುಣ್ಣ ಹಿಡಿದರೂ ಅದು ಕಾನೂನಿಗೆ ವಿರುದ್ಧ. ಇಂಥವು ನಡೆಯುವುದಿಲ್ಲ ಅಂತ ಹೇಳುತ್ತಿಲ್ಲ, ನಡೆಯುತ್ತವೆ. ಸಿಕ್ಕಿಬಿದ್ದಾಗ ಹೋಗುವುದು ನೀನು, ಏಜೆಂಟ್ ಅಲ್ಲ. ಇನ್ನೂ ಕೆಟ್ಟದ್ದು ಇದೆ. ಬ್ಯಾಂಕಾಕ್‌ನಲ್ಲಿ ಕೆಲಸ ಅಂತ ಕರೆಸಿ, ಗಡಿಯ ಮೇ ಸೋಟ್ ಊರಿಗೆ ಒಯ್ದು, ನದಿ ದಾಟಿಸಿ ಮ್ಯಾನ್ಮಾರ್‌ನ ಆನ್‌ಲೈನ್ ಮೋಸದ ಕೇಂದ್ರಗಳಲ್ಲಿ ಕೂರಿಸಿದ ಕಥೆ ಪೇಪರಿನಲ್ಲಿ ಓದಿರುತ್ತೀಯ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಬಂದು ಅಂಥ ನೂರಾರು ಜನರನ್ನು ಮೇ ಸೋಟ್‌ನಿಂದ ಕರೆದುಕೊಂಡು ಹೋದವು. ನಿನ್ನ ಏಜೆಂಟ್ ಅಂಥವನು ಅಂತಲ್ಲ. ಶಾಲೆಯ ಹೆಸರು, ವಿಳಾಸ, ಅಲ್ಲಿನ ಇಂಗ್ಲಿಷ್ ಪ್ರೋಗ್ರಾಂ ನೋಡಿಕೊಳ್ಳುವವರ ನಂಬರ್ ಕೇಳು. ಕೊಡಲಿಲ್ಲವೆಂದರೆ ಅಲ್ಲಿಗೇ ಬಿಡು.

ಸರ್ಟಿಫಿಕೇಟ್‌ಗಳಿಗೆ ವಿದೇಶಾಂಗ ಇಲಾಖೆಯ ಸೀಲು, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಎರಡನ್ನೂ ಊರಿನಲ್ಲಿರುವಾಗಲೇ ಮಾಡಿಸಿಕೋ. ಇಲ್ಲಿ ಕುಳಿತು ಮಾಡಿಸುವುದು ತಲೆನೋವು.

ನಾನು ಖೋನ್ ಕೇನ್‌ಗೆ ಬಂದದ್ದು 2012ರಲ್ಲಿ, ಸಾಗರದಿಂದ. ಬ್ಯಾಂಕಾಕಿನ ಮೊ ಚಿತ್ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ ಹತ್ತಿದೆ. ಮಿತ್ರಫಾಪ್ ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್. ಎಸಿ ಎಷ್ಟು ಜೋರಾಗಿತ್ತೆಂದರೆ ಸೀರೆ ಸೆರಗು ಹೊದ್ದುಕೊಂಡೇ ಕೂತಿದ್ದೆ. ಬೆಳಿಗ್ಗೆ ಶಾಲೆಯಿಂದ ಇಬ್ಬರು ಬಂದು ಕರೆದುಕೊಂಡು ಹೋದರು. ಸ್ನಾನ, ತಿಂಡಿ ಏನೂ ಇಲ್ಲ, ಎಂಟು ಗಂಟೆಗೆ ನೇರವಾಗಿ ಧ್ವಜದ ಮುಂದೆ. ಇಡೀ ಶಾಲೆ ಬಿಸಿಲಲ್ಲಿ ನಿಂತಿತ್ತು. ಈ ದೇಶದಲ್ಲಿ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಪಾರ್ಕ್, ಬಸ್ ಸ್ಟ್ಯಾಂಡ್ ಎಲ್ಲೇ ಇದ್ದರೂ ಜನ ನಿಂತುಬಿಡುತ್ತಾರೆ. ನೀನೂ ನಿಲ್ಲು. ರಾಜಮನೆತನದ ಬಗ್ಗೆ ತಮಾಷೆಗೂ ಏನೂ ಆಡಬೇಡ, ಮೊಬೈಲಿನಲ್ಲೂ ಬರೆಯಬೇಡ. ಅದಕ್ಕೆ 3ರಿಂದ 15 ವರ್ಷ ಜೈಲು.

ಜೂನ್‌ನಲ್ಲಿ ಒಂದು ಗುರುವಾರ 'ವಾಯ್ ಕ್ರೂ' ಮಾಡುತ್ತಾರೆ. ನಮ್ಮ ಗುರುಪೂಜೆ ಅಂದುಕೋ. ಮಕ್ಕಳು ಮೊಣಕಾಲೂರಿ ಬಂದು ಹೂವಿನ ತಟ್ಟೆ ಕೊಟ್ಟು ನಮಸ್ಕರಿಸುತ್ತಾರೆ. ಮೊದಲ ಸಲ ತಟ್ಟೆ ನೋಡಿ ನನಗೆ ಮಾತೇ ಹೊರಡಲಿಲ್ಲ. ಗರಿಕೆ, ಬದನೆ ಹೂ, ಕೇಪಳ ಹೂ. ನಮ್ಮ ಮಲೆನಾಡಿನ ಬೇಲಿಯ ಕೇಪಳ! ಗರಿಕೆ ಹಬ್ಬಿದಂತೆ ವಿದ್ಯೆ ಹಬ್ಬಲಿ ಅಂತ ಒಂದು, ತಲೆ ಬಗ್ಗಿಸಿರುವ ಬದನೆ ಹೂವಿನ ಹಾಗೆ ವಿನಯ ಇರಲಿ ಅಂತ ಇನ್ನೊಂದು. ಊರಿನಲ್ಲಿ ಅಷ್ಟು ವರ್ಷ ಪಾಠ ಮಾಡಿದಾಗಲೂ ಯಾರೂ ನನಗೆ ಗರಿಕೆ ಕೊಟ್ಟಿರಲಿಲ್ಲ. ಅವತ್ತು ಈ ಊರು ನನ್ನದೇ ಅನ್ನಿಸಿತು.

ಊಟದ ವಿಷಯಕ್ಕೆ ಬರುತ್ತೇನೆ. ನೀನು ಸಸ್ಯಾಹಾರಿ ಅಂದಿದ್ದೀಯ. ಮೀನು ಇಲ್ಲ, ಮಾಂಸ ಇಲ್ಲ ಅಂದರೆ ಸಾಲದು. ಪಲ್ಯಕ್ಕೆ ಮೀನಿನ ಸಾಸ್ ಹಾಕಿರುತ್ತಾರೆ, ಸಾರಿನ ತಳದಲ್ಲಿ ಹಂದಿ ಮೂಳೆ ಇರುತ್ತದೆ, ಪರಂಗಿಕಾಯಿ ಕೋಸಂಬರಿ ಅಂತ ಬಾಯಲ್ಲಿ ನೀರೂರಿಸುವ ಸೋಮ್ ತಾಮ್‌ನಲ್ಲಿ ಒಣ ಸಿಗಡಿ. ಅದರ ಮೇಲೆ ಇದು ಈಸಾನ್, ಅಂದರೆ ಈಶಾನ್ಯ ಸೀಮೆ. ಹುದುಗು ಬರಿಸಿದ ಮೀನು ಇಲ್ಲದೆ ಇವರಿಗೆ ಊಟ ಸೇರದು. ಶುದ್ಧ ಸಸ್ಯಾಹಾರಕ್ಕೆ ಇಲ್ಲಿ 'ಜೇ' ಅನ್ನುತ್ತಾರೆ, ಅಂಥ ಅಂಗಡಿಯ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಹಾಗಂತ ಬರೆದಿರುತ್ತದೆ. ಮೊದಲು ಆ ಅಕ್ಷರ ಕಲಿ. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಕೂಡ ಇರುವುದಿಲ್ಲ, ಮಡಿ ಅಡುಗೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಜೇ ಹಬ್ಬ, ಸಾಮಾನ್ಯವಾಗಿ ನಮ್ಮ ನವರಾತ್ರಿಯ ಆಸುಪಾಸಿಗೇ ಬರುತ್ತದೆ. ಆಗ ಬೀದಿ ತುಂಬಾ ಹಳದಿ ಬಾವುಟ. ವರ್ಷದಲ್ಲಿ ನಾನು ಹೊಟ್ಟೆ ತುಂಬಾ ಹೊರಗೆ ತಿನ್ನುವುದು ಆವಾಗಲೇ. ಉಳಿದ ದಿನ ಮನೆಯಲ್ಲೇ ಮಾಡಿಕೋ. ಅಕ್ಕಿ, ತೆಂಗಿನಕಾಯಿ, ಹುಣಸೆಹಣ್ಣು, ಕೊತ್ತಂಬರಿ, ನುಗ್ಗೆ, ಬಾಳೆಹೂ, ಹಲಸು ಎಲ್ಲ ಸಂತೆಯಲ್ಲಿ ಸಿಗುತ್ತವೆ. ತೊಗರಿಬೇಳೆ, ಹಿಂಗು, ಉದ್ದಿನಬೇಳೆಗೆ ಬ್ಯಾಂಕಾಕಿನ ಫಾಹುರತ್ ಕಡೆಯ ಭಾರತೀಯ ಅಂಗಡಿಗಳೇ ಗತಿ. ಸೆವೆನ್ ಇಲೆವೆನ್ ಅಂಗಡಿಯಲ್ಲಿ ಮೊಸರು ಕೊಂಡರೆ ಡಬ್ಬಿ ಸರಿಯಾಗಿ ನೋಡು, ಜಾಸ್ತಿಯವು ಸಿಹಿ. ಸಿಹಿ ಇಲ್ಲದ್ದು ಒಂದು ಡಬ್ಬಿ ಸಿಕ್ಕರೆ ಮನೆಯಲ್ಲಿ ಹೆಪ್ಪು ಹಾಕಿಕೋ.

ನೀನು ರಾಮನಗರದವಳು ಅಂದದ್ದಕ್ಕೆ ಒಂದು ಮಾತು. ಇಲ್ಲಿಂದ ಸ್ವಲ್ಪ ದೂರದಲ್ಲಿ ಚೊನ್ನಬೋತ್ ಅಂತ ಊರಿದೆ, ನೂಲಿಗೆ ಕಟ್ಟು ಹಾಕಿ ಬಣ್ಣ ಅದ್ದಿ ನೇಯುವ ಮತ್‌ಮೀ ರೇಷ್ಮೆಗೆ ಹೆಸರುವಾಸಿ. ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿದ ಕೂಡಲೇ ನಿನಗೆ ಮನೆ ನೆನಪಾಗುತ್ತದೆ. ಆದರೆ ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಇಲ್ಲಿ ಬಿಸಿಬಿಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿನಗೂ ಪ್ರೀತಿಯಿಂದ ಕೊಡುತ್ತಾರೆ. ಜೇ ಅಂದುಬಿಡು, ಯಾರೂ ಬಲವಂತ ಮಾಡುವುದಿಲ್ಲ.

ಒಬ್ಬಳೇ ಇರಬಹುದು. ರಾತ್ರಿ ಓಡಾಡಲು ನಮ್ಮೂರಿಗಿಂತ ನಿರಾಳ. ಗಲ್ಲಿ ನಾಯಿಗಳ ಬಗ್ಗೆ ಮಾತ್ರ ಜೋಪಾನ.

ಸಂಬಳದ ಬಗ್ಗೆ ಕಹಿ ಮಾತು ಹೇಳಬೇಕು. ಒಂದೇ ಪಾಠ, ಒಂದೇ ತರಗತಿ ಆದರೂ ಬಿಳಿ ಮೈಬಣ್ಣದವರಿಗೆ ಒಂದು ಸಂಬಳ, ನಮಗೆ ಮತ್ತು ಫಿಲಿಪೀನ್ಸ್‌ನವರಿಗೆ ಇನ್ನೊಂದು. ಎಲ್ಲ ಶಾಲೆಯಲ್ಲೂ ಅಲ್ಲ, ಆದರೆ ಬಹಳ ಕಡೆ. ಶಾಲೆಯ ದೊಡ್ಡ ಫ್ಲೆಕ್ಸ್‌ನಲ್ಲಿ ನಗುತ್ತಾ ನಿಲ್ಲುವುದೂ ಅವರೇ. ಅಲ್ಲಿ ನಿಂತವನಿಗೆ ಡಿಗ್ರಿ ಇಲ್ಲದಿರುವುದನ್ನೂ ನೋಡಿದ್ದೇನೆ. ಕುದಿಯುತ್ತದೆ. ಆಮೇಲೆ ಪರೀಕ್ಷೆ ಹತ್ತಿರ ಬಂದಾಗ ತಾಯಂದಿರು ಗಣಿತಕ್ಕೆ ಇಂಡಿಯಾ ಟೀಚರನ್ನೇ ಹುಡುಕಿಕೊಂಡು ಬರುತ್ತಾರೆ. ಆ ಹೆಮ್ಮೆ ನನಗಿದೆ, ಸುಮ್ನೆ ಹೇಳುತ್ತಿಲ್ಲ. ಬಾಡಿಗೆ ಕಡಿಮೆ, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಉಳಿಯುತ್ತದೆ. ಎಷ್ಟು ಅನ್ನುವುದು ನಿನ್ನ ಸಂಬಳದ ಮೇಲೆ.

ಇನ್ನು ಜನ ಹೇಗೆ ಅಂತ ಕೇಳಿದ್ದೀಯ. ಒಳ್ಳೆಯವರು. ಅಷ್ಟೇ ಹೇಳಿ ನಿಲ್ಲಿಸಿದರೆ ನಿನಗೆ ಮೋಸ ಮಾಡಿದ ಹಾಗಾಗುತ್ತದೆ.

ಇಲ್ಲಿ ನಿನ್ನನ್ನು ಯಾರೂ ಬೈಯುವುದಿಲ್ಲ. ಊರಿನಲ್ಲಿ ನಮ್ಮ ಹೆಡ್‌ಮಾಸ್ಟರು ವರಾಂಡದಲ್ಲೇ ಕೂಗಾಡುತ್ತಿದ್ದರು, ಸಂಜೆ ಅವರೇ ಟೀ ತರಿಸುತ್ತಿದ್ದರು. ನಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಿರುತ್ತಿತ್ತು. ಇಲ್ಲಿ ಎಲ್ಲದಕ್ಕೂ ನಗು. ಒಪ್ಪಿಗೆಗೂ ನಗು, ಮುಜುಗರಕ್ಕೂ ನಗು, ಸಿಟ್ಟಿಗೂ ನಗು. ನನ್ನ ಮೊದಲ ಶಾಲೆಯಲ್ಲಿ ಕರಾರು ಮಾರ್ಚ್‌ಗೆ ಮುಗಿಯುತ್ತಿತ್ತು. ಫೆಬ್ರವರಿಯಲ್ಲಿ ಕೇಳಿದೆ, ಮುಂದಿನ ವರ್ಷ ನಾನು ಇರುತ್ತೇನಾ ಅಂತ. ಚಿಂತೆ ಬೇಡ ಟೀಚರ್ ಅಂದರು. ಇನ್ನೊಬ್ಬರನ್ನು ಕೇಳಿದೆ, ಅವರೂ ನಕ್ಕರು. ವರ್ಷದ ಕೊನೆಗೆ ಕೆರೆ ದಂಡೆಯ ಹೋಟೆಲಿನಲ್ಲಿ ಊಟ ಹಾಕಿಸಿದರು, ಹಾಡು ಹಾಡಿದರು, ನನ್ನನ್ನು ಮುಂದೆ ಕರೆದು ರೇಷ್ಮೆ ಬಟ್ಟೆ ಕೊಟ್ಟು ಫೋಟೋ ತೆಗೆದರು. ಎಷ್ಟು ಮರ್ಯಾದೆ ಅಂತ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಮಾರನೇ ದಿನ ಬಟ್ಟೆಯನ್ನು ಮನೆ ಓನರ್ ಅಜ್ಜಿಗೆ ತೋರಿಸಿದೆ. ಅವರು ಅದನ್ನು ಮಡಚಿ ವಾಪಸ್ ಕೊಟ್ಟು, ನನ್ನ ಕೈ ಹಿಡಿದುಕೊಂಡು, ಹಾಗಾದರೆ ಇನ್ನು ಎಲ್ಲಿಗೆ ಹೋಗುತ್ತೀ ಅಂತ ಕೇಳಿದರು.

ಅದು ಬೀಳ್ಕೊಡುಗೆ ಊಟ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು.

ಅವರು ಕೆಟ್ಟವರಲ್ಲ ಅಂತ ಈಗ ತಿಳಿಯುತ್ತದೆ. ನಮ್ಮ ಕಡೆ ಹೆಣ್ಣು ಇಷ್ಟವಾಗದಿದ್ದರೆ ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಕಳಿಸುವುದಿಲ್ಲವಾ, ಹಾಗೇ. ಎದುರಿಗೆ ಇಲ್ಲ ಅಂದರೆ ಇಬ್ಬರ ಮುಖವೂ ಕೆಡುತ್ತದೆ ಅನ್ನುವ ಲೆಕ್ಕ. ಆದರೆ ಜಾತಕ ವಾಪಸ್ ಬಂದರೆ ಹುಡುಗಿ ಊರು ಬಿಡಬೇಕಾಗಿಲ್ಲ. ಇಲ್ಲಿ ವರ್ಕ್ ಪರ್ಮಿಟ್ ರದ್ದಾದ ದಿನವೇ ನಿನ್ನ ವಾಸದ ಅವಧಿಯೂ ಮುಗಿಯಿತು. ಇಮಿಗ್ರೇಶನ್‌ನಲ್ಲಿ 1900 ಬಾತ್ ಕಟ್ಟಿದರೆ 7 ದಿನ ಕೊಡುತ್ತಾರೆ. ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, 20,000ದವರೆಗೆ. ಅಂದರೆ ಮನುಷ್ಯರು ನಗುತ್ತಾ ಸುಮ್ಮನಿರುತ್ತಾರೆ, ಕಚೇರಿ ಮಾತ್ರ ದಿನ ಎಣಿಸುತ್ತಿರುತ್ತದೆ. ಹೊಸಬರು ಕುಸಿಯುವುದು ಇವೆರಡರ ನಡುವೆ. ಪರ್ಮಿಟ್ ಪುಸ್ತಕ ವಾಪಸ್ ಕೊಡಲು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ ಆಫೀಸ್ ಹುಡುಗಿ ದಾರಿಯಲ್ಲಿ ಐಸ್ ಕಾಫಿ ಕೊಡಿಸಿದಳು. ಅವಳ ಕಣ್ಣಲ್ಲೂ ನೀರಿತ್ತು. ಒಂದು ತಿಂಗಳ ಹಿಂದೆ ಒಂದು ಮಾತು ಹೇಳಿದ್ದರೆ ಆ ಕಾಫಿ ಬೇಕಿರಲಿಲ್ಲ. ಇಷ್ಟು ವರ್ಷವಾದರೂ ಅದನ್ನು ಕ್ಷಮಿಸಲು ನನಗೆ ಆಗಿಲ್ಲ.

ಓನರ್ ಅಜ್ಜಿ ಸುಮ್ಮನೆ ಕೂರಲಿಲ್ಲ. ಅವರ ಅಕ್ಕನ ಮಗಳು ಇನ್ನೊಂದು ಶಾಲೆಯಲ್ಲಿ ಟೀಚರು, ಅವಳಿಗೆ ಫೋನ್ ಮಾಡಿ, ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ನಿಲ್ಲಿಸಿದರು. ಆ ಶಾಲೆಯ ಕಾಗದ ಹಿಡಿದುಕೊಂಡು ನೊಂಗ್ ಖಾಯ್‌ನ ಸೇತುವೆಯಲ್ಲಿ ಮೆಕಾಂಗ್ ನದಿ ದಾಟಿ ಲಾವೋಸ್‌ನ ವಿಯೆಂಟಿಯಾನ್‌ಗೆ ಹೋದೆ. ಅಲ್ಲಿನ ಥಾಯ್ ರಾಯಭಾರ ಕಚೇರಿಯಲ್ಲಿ ಹೊಸ ವೀಸಾ ಆಯಿತು. ಈಗಲೂ ಅದೇ ಶಾಲೆ, ಅದೇ ಅಜ್ಜಿಯ ಮನೆ.

ಅಂದಿನಿಂದ ಹೌದು-ಇಲ್ಲ ಅನ್ನುವಂಥ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಮುಂದಿನ ವರ್ಷ ಇರುತ್ತೇನಾ ಅಂತ ಕೇಳಬೇಡ. ಪರ್ಮಿಟ್ ನವೀಕರಣಕ್ಕೆ ಪಾಸ್‌ಪೋರ್ಟ್ ಯಾವ ತಾರೀಕಿಗೆ ತರಲಿ ಅಂತ ಕೇಳು. ತಾರೀಕು ಹೇಳಿದರೆ ನಿನ್ನ ಕೆಲಸ ಇದೆ. ನಕ್ಕು ಮಾತು ಬದಲಿಸಿದರೆ ಅವತ್ತು ಸಂಜೆಯೇ ಬೇರೆ ಶಾಲೆಗೆ ಅರ್ಜಿ ಬರೆ. ಎಷ್ಟೇ ಸಿಟ್ಟು ಬಂದರೂ ದನಿ ಏರಿಸಬೇಡ. ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಕೂಗಾಡಿದ ನಮ್ಮ ದೇಶದವರೊಬ್ಬರನ್ನು ನೋಡಿದ್ದೇನೆ. ಅವರು ಹೇಳಿದ್ದು ನೂರಕ್ಕೆ ನೂರು ನ್ಯಾಯ. ಯಾರೂ ಎದುರುತ್ತರ ಕೊಡಲಿಲ್ಲ, ಮಾರನೇ ದಿನದಿಂದ ಯಾರೂ ಅವರ ಜೊತೆ ಊಟಕ್ಕೂ ಕೂರಲಿಲ್ಲ. ನಿಜ ಹೇಳಲಾ, ಕೆಲವು ಸಲ ಊರಿಗೆ ಬಂದಾಗ ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರ್ ಹತ್ತಿರ ಜಗಳ ಆಡಿದರೆ ಮೈ ಹಗುರಾಗುತ್ತದೆ.

ಉಳಿದ ಕಾಗದದ ಕೆಲಸ ಬೇಗ ಹೇಳುತ್ತೇನೆ. ನೀನು ಎಲ್ಲಿದ್ದೀಯ ಅಂತ ಮನೆ ಓನರ್ 24 ಗಂಟೆಯೊಳಗೆ ತಿಳಿಸಬೇಕು, ಅದು ಟಿಎಂ 30. ಸತತವಾಗಿ ಇದ್ದರೆ 90 ದಿನಕ್ಕೊಮ್ಮೆ ನೀನೇ ವಿಳಾಸ ವರದಿ ಮಾಡಬೇಕು. ಊರಿಗೆ ಹೊರಡುವ ಮುಂಚೆ ರೀ-ಎಂಟ್ರಿ ಪರ್ಮಿಟ್ ತಗೋ, ಇಲ್ಲದಿದ್ದರೆ ವಿಮಾನ ಹತ್ತುವಾಗಲೇ ವೀಸಾ ಸತ್ತ ಲೆಕ್ಕ. ಒಂದು ಸಲಕ್ಕೆ 1000 ಬಾತ್, ಹಲವು ಸಲಕ್ಕೆ 3800. 3800ರದ್ದೇ ಮಾಡಿಸು. ಊರಿನಿಂದ ಫೋನ್ ಯಾವ ಹೊತ್ತಿಗೆ ಬರುತ್ತೆ ಅಂತ ಯಾರು ಬಲ್ಲರು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆ, ಬಹಳ ಹತ್ತಿರ ಅಂತ ಎಲ್ಲರೂ ಹೇಳುತ್ತಾರೆ. ಖೋನ್ ಕೇನ್‌ನಿಂದ ಲೆಕ್ಕ ಹಾಕು, ರಜೆ ಕೇಳುವ ಸಮಯವನ್ನೂ ಸೇರಿಸು.

ಅಮ್ಮನನ್ನು ನವೆಂಬರ್ ಮೇಲೆ ಕರೆಸು. ಏಪ್ರಿಲ್ ಬೇಡ, ಇಲ್ಲಿನ ಹೊಸವರ್ಷದ ಹಬ್ಬ ಸೊಂಗ್‌ಕ್ರಾನ್‌ನ ನೀರಾಟ ಚೆನ್ನಾಗಿರುತ್ತದೆ ಆದರೆ 40 ಡಿಗ್ರಿ ಬಿಸಿಲು. ಜನವರಿಯಿಂದ ಕಬ್ಬಿನ ಗದ್ದೆ ಸುಡುತ್ತಾರೆ, ದಮ್ಮು ಇದ್ದರೆ ಕಷ್ಟ.

ಈಗಿನ ಕೆಲಸಕ್ಕೆ ರಾಜೀನಾಮೆ ಇನ್ನೂ ಕೊಡಬೇಡ. ಇಲ್ಲಿ ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಸಮಯ ಇದೆ. ಕರಾರಿನ ಇಂಗ್ಲಿಷ್ ಪ್ರತಿಯ ಜೊತೆ ಥಾಯ್ ಪ್ರತಿಯನ್ನೂ ತರಿಸಿಕೊಂಡು ನನಗೆ ಕಳಿಸು, ಓದಿ ಹೇಳುತ್ತೇನೆ. ಮಾರ್ಚ್, ಏಪ್ರಿಲ್ ಸಂಬಳ ಕೊಡುತ್ತಾರಾ, ಹತ್ತು ತಿಂಗಳಿಗೆ ಮಾತ್ರ ಕೊಡುತ್ತಾರಾ ಅನ್ನುವುದನ್ನು ಮೊದಲು ನೋಡಬೇಕು. ಬರುವುದು ಖಾತ್ರಿಯಾದರೆ ಯಾರ ಕೈಲಾದರೂ ಸಾಗರದ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿಕೊಂಡು ಬಾ, ದುಡ್ಡು ಕೊಡುತ್ತೇನೆ. ಡಬ್ಬಿಗೆ ಸರಿಯಾಗಿ ಟೇಪ್ ಸುತ್ತು.