ಸಿ.ಎ. ಬೇಡ, ಭೂಗೋಳ ಓದುತ್ತೇನೆ ಎಂದ ಮಗಳು

ಮುಂಬಯಿ ಹತ್ತಿರ, ಠಾಣೆ ಜಿಲ್ಲೆಯ ಡೊಂಬಿವಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬ. ಹೆಸರನ್ನೂ ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಶ್ರಾವ್ಯ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಸಿ.ಎ.ಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಎರಡು ಸಲ ಬರೆದು ಎರಡು ಸಲವೂ ಪಾಸಾಗಿರಲಿಲ್ಲ. ಮೂರನೆಯದಕ್ಕೆ ಕ್ಲಾಸಿನ ಫೀಸು ಕಟ್ಟಿಯಾಗಿತ್ತು. ರಾತ್ರಿ ನಿದ್ದೆಯಿಲ್ಲ, ಪುಸ್ತಕ ತೆರೆದರೆ ಹೊಟ್ಟೆನೋವು, ಊಟಕ್ಕೆ ಕೂತರೆ ಜಗಳ. ಅಂಥದೊಂದು ಜಗಳದಲ್ಲಿ, ತಾನು ಮಾನವ ಭೂಗೋಳ ಓದುವುದು ಎಂದಳಂತೆ. ತಾಯಿ ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದರು. ತಂದೆ ಬರಲಿಲ್ಲ.

ನಾನು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. ತಾಯಿಯನ್ನು ಹೊರಗೆ ಕೂರಿಸಿ, ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. ಅಂಥ ಯೋಚನೆ ಅವಳಿಗಿರಲಿಲ್ಲ. ಇದ್ದದ್ದು ಮೂರನೆಯ ಸೋಲಿನ ಭಯ.

ಹಾಗಾದರೆ ಭೂಗೋಳ ಎಂಬುದು ತಪ್ಪಿಸಿಕೊಳ್ಳುವ ದಾರಿ ಮಾತ್ರವೋ? ಇದು ನನಗೆ ನಿಜವಾಗಿ ಗೊತ್ತಾಗಬೇಕಿತ್ತು. ಹತ್ತನೇ ತರಗತಿಯ ನಂತರ ಅವಳು ಆ ವಿಷಯ ಓದಿಯೇ ಇರಲಿಲ್ಲ. ಕೆದಕಿದಾಗ ಹೊರಬಂದದ್ದು ಇದು: ಗೆಳತಿಯೊಬ್ಬಳು ಭೂಗೋಳದಲ್ಲಿ ಬಿ.ಎ. ಮಾಡುತ್ತಿದ್ದಾಳೆ. ಅವಳ ಪ್ರಾಜೆಕ್ಟಿಗೆಂದು ಇಬ್ಬರೂ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ವಠಾರಗಳಲ್ಲಿ, ಸುತ್ತಿ, ಮನೆಗೆಲಸಕ್ಕೆ ಹೋಗುವ ಹೆಂಗಸರು ಯಾವ ತಾಲೂಕಿನಿಂದ ಬಂದವರು, ಮೊದಲು ಯಾರ ಮನೆಯಲ್ಲಿ ಇಳಿದುಕೊಂಡರು ಎಂದು ಕೇಳಿ ಬರೆದುಕೊಂಡಿದ್ದರು. "ಒಂದು ಗಲ್ಲಿಯವರೆಲ್ಲ ಹೆಚ್ಚುಕಮ್ಮಿ ಒಂದೇ ಕಡೆಯವರು ಮೇಡಂ. ಅದು ಹೇಗೆ?" ಎಂದಳು. ಅಷ್ಟು ಹೊತ್ತು ನೆಲ ನೋಡಿಕೊಂಡು ಮಾತಾಡುತ್ತಿದ್ದವಳು ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ ಅದು.

ಮುಂದಿನ ಸಲ ತಂದೆ ಬಂದರು. ಉಡುಪಿ ಜಿಲ್ಲೆಯ ಬೈಂದೂರು ಕಡೆಯವರು, ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಕೂತ ಕೂಡಲೇ, "ಭೂಗೋಳ ಕಲ್ತು ಎಂತ ಮಾಡುದು ಮೇಡಂ? ನದಿ, ಪರ್ವತ, ರಾಜಧಾನಿ ಬಾಯಿಪಾಠ. ಅದರಲ್ಲಿ ಹೊಟ್ಟೆ ತುಂಬ್ತದಾ?" ಎಂದರು.

ನಾನು ವಾದಿಸಲಿಲ್ಲ. ಹೋಟೆಲಿಗೆ ಆ ಜಾಗ ಹೇಗೆ ಆರಿಸಿದಿರಿ ಅಂದೆ. ಮುಖ ಅರಳಿತು. ಸ್ಟೇಷನ್ನಿನ ಹೊರಗೆ ಬೆಳಿಗ್ಗೆ ಸಂಜೆ ನಿಂತು ಜನ ಯಾವ ಬದಿಯಿಂದ ನಡೆಯುತ್ತಾರೆಂದು ನೋಡಿದ್ದರಂತೆ. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವವ ಚಹಾಕ್ಕೆ ನಿಲ್ಲುವುದಿಲ್ಲ. ಸಂಜೆ ಇಳಿದವ ನಿಲ್ಲುತ್ತಾನೆ, ಮನೆಗೆ ಪಾರ್ಸೆಲ್ಲೂ ಒಯ್ಯುತ್ತಾನೆ. ಆದ್ದರಿಂದ ಸಂಜೆ ಜನ ಮನೆಕಡೆ ತಿರುಗುವ ಬದಿಯಲ್ಲೇ ಅಂಗಡಿ. ಅದಕ್ಕೂ ಹಿಂದೆ, ಹುಡುಗನಾಗಿದ್ದಾಗ ಮುಂಬಯಿಯ ಬಟ್ಟೆ ಮಿಲ್ಲುಗಳಿದ್ದ ಪರೇಲಿನಲ್ಲಿ ಸೋದರಮಾವನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರು, ರಾತ್ರಿಶಾಲೆಯಲ್ಲಿ ಓದು. 1982ರ ಜನವರಿಯಲ್ಲಿ ಮಿಲ್ ಮುಷ್ಕರ ಶುರುವಾಯಿತು. ಪಾಳಿ ಮುಗಿಸಿ ಬರುವ ಗಿರಾಕಿಗಳೇ ಇಲ್ಲವಾದರು. ಮಾವ ಹೋಟೆಲು ಮಾರಿದರು.

"ಅಣ್ಣಾ, ನಿಮ್ಮ ಮಗಳು ಓದಬೇಕೆನ್ನುವುದು ಇದನ್ನೇ" ಎಂದೆ. ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಯಾಕೆ ಅಲ್ಲಿಯೇ ನೆಲೆಸುತ್ತಾರೆ, ಮಿಲ್ಲೊಂದು ಮುಚ್ಚಿದರೆ ಯಾವ ಬೀದಿ ಬಡವಾಗುತ್ತದೆ, ರೈಲು ಬಂದರೆ ಯಾವ ಪೇಟೆ ಬೆಳೆಯುತ್ತದೆ. 2001ರಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷ, 2011ರಲ್ಲಿ 30.85 ಲಕ್ಷ. ಹಳೇ ಮುಂಬಯಿ ಕುಗ್ಗಿತು, ಠಾಣೆ ಜಿಲ್ಲೆ ಒಂದು ಕೋಟಿ ದಾಟಿತು. ಅವರು ಡೊಂಬಿವಲಿಗೆ ಬಂದದ್ದೂ ಆ ಪ್ರವಾಹದಲ್ಲೇ.

ಆಮೇಲೆ ಎರಡು ಅಂಕಿ ಬರೆದು ತೋರಿಸಿದೆ. 2011ರ ಜನಗಣತಿಯಲ್ಲಿ ಮುಂಬಯಿ ನಗರ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 832 ಹೆಂಗಸರು. ಉಡುಪಿ ಜಿಲ್ಲೆಯಲ್ಲಿ 1,094. ಗಂಡಸರ ವಲಸೆಯೊಂದೇ ಇದಕ್ಕೆ ಕಾರಣವಲ್ಲ, ಹೆಂಗಸರ ಆಯುಷ್ಯವೂ ಅದರಲ್ಲಿ ಸೇರಿದೆ. ಅವರು ಕಾಗದ ಕೈಗೆ ತೆಗೆದುಕೊಂಡು, "ನಮ್ಮಮ್ಮ ಊರಲ್ಲಿ ಒಬ್ಬರೇ ಇದ್ರು ಆಗ" ಎಂದರು. ಮಗಳು ಅಪ್ಪನ ಮುಖ ನೋಡಿದಳು. ಆ ಮನೆಯಲ್ಲಿ ಈ ಮಾತು ಹಿಂದೆ ಬಂದಿರಲಿಲ್ಲವೆಂದು ಕಾಣುತ್ತದೆ.

ಅಪ್ಪನ ನಿಜವಾದ ಆತಂಕ ಹೊರಬಂದದ್ದು ಇದಾದ ಮೇಲೆ. ಸಿ.ಎ. ಆದರೆ ದಾರಿ ತೋರಿಸಲು ಸಂಬಂಧಿಕರಿದ್ದಾರೆ. ಭೂಗೋಳ ಓದಿ ಕೆಲಸದಲ್ಲಿರುವವರು ನಮ್ಮವರಲ್ಲಿ ಒಬ್ಬರೂ ಇಲ್ಲ, ಯಾರನ್ನು ಕೇಳುವುದು? ಈ ಭಯವನ್ನು ನಾನು ಗೌರವಿಸುತ್ತೇನೆ. ಮಾವ ಇದ್ದರೆಂದೇ ಅವರು ಪರೇಲಿಗೆ ಬಂದದ್ದು. ಗುರುತಿನವರಿಲ್ಲದ ಕಡೆ ಮಗಳನ್ನು ಕಳಿಸಲು ಮನಸ್ಸು ಹೇಗೆ ಬಂದೀತು? ಒಂದು ಗಲ್ಲಿಯವರೆಲ್ಲ ಒಂದೇ ಕಡೆಯವರು ಹೇಗೆ ಎಂದು ಮಗಳು ಕೇಳಿದ್ದಕ್ಕೂ ಉತ್ತರ ಇದೇ: ಗುರುತಿನವರು ಇರುವ ಕಡೆಗೇ ಜನ ಬರುತ್ತಾರೆ. ವಲಸೆಯ ನಿಯಮಗಳನ್ನು ಭೂಗೋಳಜ್ಞ ರಾವೆನ್‌ಸ್ಟೈನ್ 1885ರಲ್ಲಿ ಬರೆದಂದಿನಿಂದ ಈ ಕ್ಷೇತ್ರ ಬೆನ್ನು ಹತ್ತಿರುವುದು ಇಂಥ ಪ್ರಶ್ನೆಗಳನ್ನೇ.

ಇನ್ನು ಸಲಹೆ. ಶ್ರಾವ್ಯಳಿಗೂ ಕಹಿಯಾದ ಕೆಲವು ಮಾತು ಹೇಳಬೇಕಾಯಿತು. ಲೆಕ್ಕದಿಂದ ಓಡಿಹೋಗಲು ಈ ವಿಷಯ ಹಿಡಿಯುವಂತಿಲ್ಲ. ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಬಾರದೆ ಇಂದು ಇದರಲ್ಲಿ ಉದ್ಯೋಗ ಕಷ್ಟ. ಕಾಲೇಜಿನಲ್ಲಿ ಕಲಿಸಬೇಕಾದರೆ ಎಂ.ಎ. ಆದಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್, ಪಿಎಚ್‌ಡಿ ಎಂದು ವರ್ಷಗಳು ಹೋಗುತ್ತವೆ. ಯುಪಿಎಸ್‌ಸಿಗೆ ಐಚ್ಛಿಕ ವಿಷಯವಾಗುತ್ತದೆ ಎಂಬ ಒಂದೇ ಆಸೆಗೆ ಆರಿಸಿಕೊಳ್ಳಬೇಡ ಎಂದೆ. ಬಿ.ಕಾಂ. ಮುಗಿಸಿ ನೇರ ಭೂಗೋಳ ಎಂ.ಎ. ಸೇರಬಹುದೆಂದು ಅವಳು ನಂಬಿದ್ದಳು. ಪದವಿಯಲ್ಲಿ ಭೂಗೋಳ ಓದಿರಬೇಕೆಂಬ ಷರತ್ತು ಹಲವು ಕಡೆ ಇರುತ್ತದೆ, ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಭೂಗೋಳ ವಿಭಾಗಕ್ಕೆ ತಾನೇ ಹೋಗಿ ವಿಚಾರಿಸಬೇಕು. 1956ರಲ್ಲಿ ಶುರುವಾಗಿ ಈಗ ಮುಂಬಯಿಯ ದೇವನಾರಿನಲ್ಲಿರುವ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಸ್ನಾತಕೋತ್ತರ ಕೋರ್ಸುಗಳ ಅರ್ಹತೆಯನ್ನೂ, ನಗರ ಯೋಜನೆಯ ಕೋರ್ಸುಗಳದ್ದನ್ನೂ ಕೇಳಿಕೊಂಡು ಬರಲು ಹೇಳಿದೆ. ಕೆಲಸದಲ್ಲಿರುವ ಇಬ್ಬರನ್ನಾದರೂ ಕಂಡು ಮಾತಾಡಬೇಕು, ಅಪ್ಪನನ್ನು ಜತೆಗೆ ಕರೆದುಕೊಂಡೇ.

ಮೂರನೇ ಪರೀಕ್ಷೆ ಈ ಸಲ ಬೇಡ, ಬಿ.ಕಾಂ. ಬಿಡುವುದೂ ಬೇಡ ಎಂದಾಯಿತು. ಫೀಸು ದಂಡವಾಯಿತೆಂದು ಮನೆಯಲ್ಲಿ ಯಾರೂ ಎತ್ತಿ ಆಡಬಾರದೆಂದು ತಾಯಿಯ ಮುಂದೆಯೇ ತಂದೆಯಿಂದ ಮಾತು ತೆಗೆದುಕೊಂಡೆ. ರಜೆಯಲ್ಲಿ ಒಂದು ಕೆಲಸ ಕೊಟ್ಟೆ: ಅಪ್ಪನ ಹೋಟೆಲು ಮತ್ತು ಆಚೀಚಿನ ಹೋಟೆಲುಗಳ ಹುಡುಗರು ಎಲ್ಲಿಂದ ಬಂದವರು, ಯಾರ ಮೂಲಕ ಬಂದರು ಎಂದು ಕೇಳಿ, ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಕ್ಷೆ ಮಾಡು. ಬೇಸರದ ಭಾಗವೂ ಸೇರಿ ಇಡೀ ಕೆಲಸ ಮಾಡಿ ನೋಡಿದಾಗ ಆಸೆ ಎಷ್ಟು ಗಟ್ಟಿ ಎಂದು ಅವಳಿಗೇ ತಿಳಿಯುತ್ತದೆ.

ಮಾಡಿ ತಂದಳು. ಊರಿನ ಹೆಸರುಗಳನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಬೇರೆಬೇರೆ ಬಗೆ ಬರೆದುಕೊಂಡು ಬಹಳ ಹೊತ್ತು ಪೇಚಾಡಿದಳಂತೆ, ಆದರೂ ಬಿಡಲಿಲ್ಲ. ಅಡುಗೆಮನೆಯವರಲ್ಲಿ ಹೆಚ್ಚಿನವರು ಒಡಿಶಾ, ಜಾರ್ಖಂಡ್, ನೇಪಾಳದವರು. ಅಪ್ಪನ ಊರಿನತ್ತಲ, ಕುಂದಾಪುರ ಕಡೆಯ ಹುಡುಗರು ಇಲ್ಲವೆನ್ನುವಷ್ಟು ಕಡಿಮೆ. ಯಾಕೆ ಎಂಬುದಕ್ಕೆ ಅಪ್ಪ ಮಗಳಲ್ಲಿ ಒಮ್ಮತವಿಲ್ಲ. ನಿದ್ದೆ ಸುಧಾರಿಸಿದೆ, ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಅದಕ್ಕೆ ವೈದ್ಯರನ್ನು ಕಾಣಲು ಹೇಳಿದ್ದೇನೆ. ಪ್ರವೇಶದ ಅರ್ಜಿ ತುಂಬುವ ಮೊದಲು ಮೂವರೂ ಇನ್ನೊಮ್ಮೆ ಬರುತ್ತಾರೆ. ಹೊಸದಾಗಿ ಬಿ.ಎ. ಸೇರಬೇಕಾಗಿ ಬಂದರೆ ಆ ಹೆಚ್ಚಿನ ವರ್ಷಗಳ ಖರ್ಚು ಎಷ್ಟು, ಅದರಲ್ಲಿ ಅವಳು ದುಡಿದು ಕೊಡುವ ಪಾಲೆಷ್ಟು ಎಂಬ ಲೆಕ್ಕವನ್ನು ಶ್ರಾವ್ಯಳೇ ಬರೆದು ತರಬೇಕು.