ಶೇ 1 ಆಮ್ಲಜನಕಕ್ಕೆ ಎಚ್‌ಎಸ್‌ಪಿ70 ಏಕೆ ಜಗ್ಗುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ. ತುಮಕೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ನಾಲಗೆಯ ಕ್ಯಾನ್ಸರಿನ ಕ್ಯಾಲ್27 ಮತ್ತು ಹೈಪೋಫ್ಯಾರಿಂಕ್ಸ್ (ಗಂಟಲಿನ ಕೆಳಭಾಗ) ಕ್ಯಾನ್ಸರಿನ ಫಾಡು ಕೋಶಗಳನ್ನು ಶೇ 1 ಆಮ್ಲಜನಕದಲ್ಲಿ 24 ಗಂಟೆ ಇಟ್ಟು ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿ ಹಾಕಿ ಪ್ರೋಟೀನನ್ನು ಬ್ಯಾಂಡ್ ಆಗಿ ನೋಡುವ ಪರೀಕ್ಷೆ) ಮಾಡಿದ್ದೀರಿ. ಆಮ್ಲಜನಕದ ಕೊರತೆಗೆ ಸ್ಪಂದಿಸುವ ಎಚ್‌ಐಎಫ್-1 ಆಲ್ಫಾ ಪ್ರೋಟೀನ್ ಬಂದಿದೆ. ಒತ್ತಡದಲ್ಲಿ ಪ್ರೋಟೀನ್‌ಗಳ ಮಡಿಕೆ (ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದು) ಕಾಯುವ ಎಚ್‌ಎಸ್‌ಪಿ70 ಅಲ್ಲಾಡಿಲ್ಲ. ಇಆರ್‌ನಲ್ಲಿ (ಕೋಶದೊಳಗೆ ಪ್ರೋಟೀನ್ ತಯಾರಾಗಿ ಮಡಚಿಕೊಳ್ಳುವ ಜಾಲ) ಅದೇ ಕೆಲಸ ಮಾಡುವ ಜಿಆರ್‌ಪಿ78 ಫಾಡುವಿನಲ್ಲಿ ಒಂದು ಸಲ ಏರಿದರೆ ಇನ್ನೊಂದು ಸಲ ಇಲ್ಲ, ಕ್ಯಾಲ್27ರಲ್ಲಿ ಏರುವುದೇ ಇಲ್ಲ. ಗೈಡ್ ಆಂಟಿಬಾಡಿ ಬದಲಾಯಿಸಲು ಹೇಳಿದ್ದಾರೆ. ಮುಂದೆ ಕೋಲಾರದಿಂದ ರೋಗಿಗಳ ಟಿಶ್ಯೂ ಬ್ಲಾಕ್ ತರಿಸಿ ಇದನ್ನೇ ನೋಡುವ ಯೋಚನೆಯೂ ಇದೆ.

ಆಂಟಿಬಾಡಿಗೆ ದುಡ್ಡು ಹಾಕಬೇಡಿ, ಈಗಲೇ ಬೇಡ. ಶೇ 1ರಲ್ಲಿ ಬರಬೇಕಾದ್ದೇ ಬಂದಿದೆ. "ಆಮ್ಲಜನಕ ಕಡಿಮೆಯಾದರೆ ಸ್ಟ್ರೆಸ್ ಪ್ರೋಟೀನ್ ಏರುತ್ತದೆ" ಎಂದು ಒಂದೇ ಸಾಲಿನಲ್ಲಿ ಹೇಳುವುದೇ ತೊಡಕಿನ ಮೂಲ. ಎಷ್ಟು ಕಡಿಮೆ, ಎಷ್ಟು ಹೊತ್ತು, ಜೊತೆಗೆ ಇನ್ನೇನು ಕಡಿಮೆಯಾಯಿತು ಎನ್ನುವುದರ ಮೇಲೆ ಬೇರೆ ಬೇರೆ ಪ್ರೋಟೀನ್‌ಗಳು ಏರುತ್ತವೆ.

ಎಚ್‌ಐಎಫ್-1 ಆಲ್ಫಾ ಸಣ್ಣ ಕೊರತೆಗೂ ಸ್ಪಂದಿಸುತ್ತದೆ. ಹೀಲಾ ಕೋಶಗಳಲ್ಲಿ ಅಳೆದಾಗ ಶೇ 1.5ರಿಂದ 2ರ ಹೊತ್ತಿಗೆ ಅರ್ಧ ಮಟ್ಟ, ಶೇ 0.5ರಲ್ಲಿ ಗರಿಷ್ಠ. ಇಆರ್ ಒಳಗಿನ ಒತ್ತಡದ ದಾರಿ, ಅಂದರೆ ಪರ್ಕ್, ಐಆರ್‌ಇ1, ಎಟಿಎಫ್6 ಎಂಬ ಸಂವೇದಕ ಪ್ರೋಟೀನ್‌ಗಳ ಮೂಲಕ ಜಿಆರ್‌ಪಿ78 ಏರುವ ದಾರಿ, ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಅಲ್ಲಿ ಪ್ರೋಟೀನ್‌ಗೆ ಡೈಸಲ್ಫೈಡ್ ಬಂಧ ಹಾಕುವ ಇಆರ್‌ಒ1 ಕಿಣ್ವ ಕೊನೆಗೆ ಎಲೆಕ್ಟ್ರಾನನ್ನು ಆಮ್ಲಜನಕಕ್ಕೇ ದಾಟಿಸಬೇಕು. ಆಮ್ಲಜನಕ ಶೇ 0.1ರ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದಾಗ ಆ ಕೆಲಸ ನಿಲ್ಲುತ್ತಾ ಬರುತ್ತದೆ. ಇಜಿಎಫ್ಆರ್‌ನಂತೆ ಡೈಸಲ್ಫೈಡ್ ತುಂಬಿರುವ, ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಧಾರಾಳವಾಗಿ ತಯಾರಾಗುವ ಪ್ರೋಟೀನ್‌ಗಳು ಆಗ ಮಡಿಕೆಯಾಗದೆ ಉಳಿಯುತ್ತವೆ. ಶೇ 1ರಲ್ಲಿ ಅಂಥ ಸ್ಥಿತಿ ಬರುವುದಿಲ್ಲ.

ಎಚ್‌ಎಸ್‌ಪಿ70 ಕಥೆ ಇನ್ನೂ ಬೇರೆ. ಅದನ್ನು ಏರಿಸುವ ಎಚ್‌ಎಸ್‌ಎಫ್1 ಎಚ್ಚರಗೊಳ್ಳುವುದು ಸೈಟೊಪ್ಲಾಸಂನಲ್ಲಿ ಕೆಟ್ಟ ಮಡಿಕೆಯ ಪ್ರೋಟೀನ್ ಗುಡ್ಡೆಬಿದ್ದಾಗ. ಅಲ್ಲಿನ ಮಡಿಕೆಗೆ ಆಮ್ಲಜನಕವೇ ಬೇಕಿಲ್ಲ. ಹಾಗಾಗಿ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಕುಸಿಯುವಷ್ಟು ತೀವ್ರ ಕೊರತೆ ಇರಬೇಕು, ಇಲ್ಲವೇ ಕೊರತೆಯ ನಂತರ ಆಮ್ಲಜನಕ ಒಮ್ಮೆಲೇ ವಾಪಸ್ ಬಂದು ಆಕ್ಸಿಡೇಟಿವ್ ಹಾನಿ ಆಗಬೇಕು. ಕೆಲವು ಲ್ಯಾಬ್‌ಗಳಲ್ಲಿ ಏರಿಕೆ ಕಂಡಿದ್ದರೆ ಚೇಂಬರ್ ತೆರೆದು, ನಿಧಾನವಾಗಿ ತೊಳೆದು, ಆಮೇಲೆ ಲೈಸಿಸ್ (ಕೋಶ ಒಡೆಯುವುದು) ಮಾಡಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಇದರ ಮೇಲೆ ಇನ್ನೊಂದು ಅಡ್ಡಿ: ಕ್ಯಾನ್ಸರ್ ಕೋಶಗಳಲ್ಲಿ ಎಚ್‌ಎಸ್‌ಪಿ70 ಮೊದಲೇ ಹೆಚ್ಚಿರುತ್ತದೆ. ಅದೇ ಬಗೆಯ ಎಚ್‌ಎಸ್‌ಪಿ90 ಅಂತೂ ಎಷ್ಟೋ ಸಲ ಪ್ರಮಾಣದಲ್ಲಿ ಬದಲಾಗುವುದೇ ಇಲ್ಲ, ಆದರೆ ಎಚ್‌ಐಎಫ್-1 ಆಲ್ಫಾವನ್ನು ಹಿಡಿದು ಉಳಿಸುವುದು ಅದೇ. ಜೆಲ್ಡಾನಮೈಸಿನ್ ಹಾಕಿ ಎಚ್‌ಎಸ್‌ಪಿ90 ತಡೆದರೆ ಎಚ್‌ಐಎಫ್ ಒಡೆಯಲು ಗುರುತು ಹಾಕುವ ವಿಎಚ್‌ಎಲ್ ಪ್ರೋಟೀನಿನ ಹಂಗಿಲ್ಲದೆಯೇ ಎಚ್‌ಐಎಫ್ ಒಡೆದುಹೋಗುತ್ತದೆ. ಬ್ಯಾಂಡ್ ದಪ್ಪವಾಗಲಿಲ್ಲ ಎಂದರೆ ಪಾತ್ರವಿಲ್ಲ ಎಂದಲ್ಲ.

ಈಗ ಜಿಆರ್‌ಪಿ78ರ ಚಂಚಲತೆ. ಇದು ಆಮ್ಲಜನಕದ್ದಲ್ಲ, ಗ್ಲೂಕೋಸಿನದು ಎಂದು ನನ್ನ ಗಟ್ಟಿ ಅನುಮಾನ. ಕ್ಯಾಲ್27ಕ್ಕೆ ನೀವು ಹಾಕುವ ಡಿಎಂಇಎಂ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇದ್ದರೆ, ಫಾಡುವಿಗೆ ಹಾಕುವ ಎಂಇಎಂನಲ್ಲಿ ಇರುವುದು 1 ಗ್ರಾಂ. ಕೊರತೆಯಲ್ಲಿ ಕೋಶಗಳು ಗ್ಲೈಕೊಲಿಸಿಸ್‌ಗೆ (ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುವ ದಾರಿ) ತಿರುಗಿ ಗ್ಲೂಕೋಸನ್ನು ಬೇಗ ಮುಗಿಸುತ್ತವೆ. ತಟ್ಟೆ ದಟ್ಟವಾಗಿದ್ದ ವಾರ ಬೆಳಗಾಗುವಷ್ಟರಲ್ಲಿ ಗ್ಲೂಕೋಸ್ ಖಾಲಿ, ವಿರಳವಾಗಿದ್ದ ವಾರ ಉಳಿದಿರುತ್ತದೆ. ಜಿಆರ್‌ಪಿ78 ಮೊದಲು ಗಮನಕ್ಕೆ ಬಂದದ್ದೇ ಗ್ಲೂಕೋಸ್ ಸಿಗದ ಕೋಶಗಳಲ್ಲಿ; 1977ರಲ್ಲೇ ಅದು ಸ್ಪಷ್ಟವಾಗಿತ್ತು. ಪರೀಕ್ಷಿಸುವುದು ಸುಲಭ. 24 ಗಂಟೆಯ ಮೀಡಿಯಂ ಒಂದು ಹನಿಯನ್ನು ಮೆಡಿಕಲ್ ಶಾಪಿನ ಗ್ಲೂಕೋಮೀಟರ್ ಪಟ್ಟಿಗೆ ಹಾಕಿ. ರಕ್ತಕ್ಕೆಂದು ಮಾಡಿದ ಪಟ್ಟಿ, ಅಂಕಿ ಕರಾರುವಾಕ್ಕಾಗಿರದು. ಆದರೆ ಹೊಸ ಎಂಇಎಂ 100ರ ಹತ್ತಿರ ತೋರಿಸಿ ಹಳೆಯದು "ಲೋ" ಎಂದರೆ ಉತ್ತರ ಸಿಕ್ಕಂತೆ. ಪರಿಹಾರ: ಎರಡೂ ಕೋಶಗಳನ್ನು ಒಂದೇ ಗ್ಲೂಕೋಸ್ ಮಟ್ಟದ ಮೀಡಿಯಂಗೆ ತಂದು ಕೆಲವು ಪ್ಯಾಸೇಜ್ ಬೆಳೆಸಿ, ಶೇ 60ರಷ್ಟು ತುಂಬಿದಾಗ ಆರಂಭಿಸಿ, ಚೇಂಬರಿಗೆ ಹೋಗುವಾಗ ಹೊಸ ಮೀಡಿಯಂ ಹಾಕಿ. ಹಳದಿಗೆ ತಿರುಗಿದ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಆಮ್ಲತೆಯೂ ಕೈಯಾಡಿಸಿರುತ್ತದೆ. 20–25 ಮಿಲಿಮೋಲಾರ್ ಹೆಪೆಸ್ ಬಫರ್ ಸೇರಿಸಿದರೆ ಇದು ಬಹುಮಟ್ಟಿಗೆ ತಡೆಯುತ್ತದೆ.

ನಮ್ಮ ಬಯಲುಸೀಮೆಯವರಿಗೇ ಅನ್ವಯಿಸುವ ಒಂದು ಮಾತು. ಶೇಕಡಾವನ್ನು ಒತ್ತಡಕ್ಕೆ ಬದಲಾಯಿಸುವಾಗ ಸಮುದ್ರಮಟ್ಟದ 760 ಹಾಕಬೇಡಿ. ತುಮಕೂರು, ಕೋಲಾರ ಎರಡೂ 800 ಮೀಟರ್‌ಗಿಂತ ಮೇಲಿವೆ. ಗಾಳಿಯ ಒತ್ತಡ ಸುಮಾರು 690 ಮಿ.ಮೀ. ಪಾದರಸ. 37 ಡಿಗ್ರಿಯ ನೀರಾವಿಯ 47 ಕಳೆದರೆ ನಿಮ್ಮ ಶೇ 1 ಅಂದರೆ 6.4 ಮಿ.ಮೀ., ಮಂಗಳೂರಿನಲ್ಲಿ 7.1. ದೊಡ್ಡ ವ್ಯತ್ಯಾಸವಲ್ಲ, ಥೀಸಿಸ್‌ನಲ್ಲಿ ಬರೆದರೆ ಪರೀಕ್ಷಕರಿಗೆ ನಿಮ್ಮ ಲೆಕ್ಕ ಗೊತ್ತಿದೆ ಎಂದು ತಿಳಿಯುತ್ತದೆ. ರೇಡಿಯೇಷನ್ ವೈದ್ಯರು ಮುಖ್ಯವೆನ್ನುವ ಗೆರೆ 2.5 ಮಿ.ಮೀ.; 2005ರಲ್ಲಿ 397 ತಲೆ-ಕುತ್ತಿಗೆ ಗೆಡ್ಡೆಗಳಲ್ಲಿ ಎಲೆಕ್ಟ್ರೋಡ್ ಚುಚ್ಚಿ ಅಳೆದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಈ ಗೆರೆಗಿಂತ ಕೆಳಗಿನ ಭಾಗ ಹೆಚ್ಚಿದ್ದವರ ಬದುಕುಳಿಯುವಿಕೆ ಕಡಿಮೆಯಿತ್ತು. ಅಂದರೆ ನಿಮ್ಮ ಶೇ 1 ಗೆಡ್ಡೆಯ ನಡುಮಧ್ಯದ ಸ್ಥಿತಿಯಲ್ಲ, ಮಧ್ಯಮ ಕೊರತೆ.

ಇಆರ್ ಒತ್ತಡವನ್ನು ನಿಜವಾಗಿ ನೋಡಬೇಕೆಂದರೆ ಶೇ 0.1ಕ್ಕೆ ಇಳಿಯಬೇಕು, ಕಷ್ಟ ಶುರುವಾಗುವುದು ಅಲ್ಲೇ. ವೆಲ್ಡಿಂಗ್ ಅಂಗಡಿಗೆ ಬರುವ ಸಾಧಾರಣ ಸಾರಜನಕದ ಸಿಲಿಂಡರ್ ಶೇ 99.5 ಶುದ್ಧವಿದ್ದರೂ ಉಳಿದ ಅರ್ಧದಲ್ಲಿ ಆಮ್ಲಜನಕವೇ ಇರಬಹುದು. ಶೇ 99.999ರದ್ದನ್ನು ಕೇಳಿ, ಅಥವಾ ಶೇ 5 ಇಂಗಾಲದ ಡೈಆಕ್ಸೈಡ್ ಸೇರಿಸಿದ ಪ್ರಮಾಣಪತ್ರವಿರುವ ಮಿಶ್ರಣ ತರಿಸಿ. ಕ್ಲಾಂಪ್ ಹಾಕುವ ಮಾಡ್ಯುಲರ್ ಚೇಂಬರ್ ಆದರೆ ನಿಮಿಷಕ್ಕೆ 20 ಲೀಟರಿನಂತೆ ನಾಲ್ಕೈದು ನಿಮಿಷ ಹಾಯಿಸಿ, ಒಂದು ಗಂಟೆ ಬಿಟ್ಟು ಮತ್ತೆ ಹಾಯಿಸಿ. ಎರಡನೆಯದನ್ನು ಬಿಡುವವರೇ ಹೆಚ್ಚು. ಮೀಡಿಯಂನಲ್ಲಿ ಕರಗಿದ ಆಮ್ಲಜನಕ ಅಷ್ಟರಲ್ಲಿ ಹೊರಬಂದು ಒಳಗಿನ ಮಟ್ಟ ಏರಿಸಿರುತ್ತದೆ. ಕಲಕದ ಮೀಡಿಯಂ ಸಮಸ್ಥಿತಿಗೆ ಬರಲು ಗಂಟೆಗಟ್ಟಲೆ ಬೇಕು. ಹಿಂದಿನ ರಾತ್ರಿಯೇ ಮೀಡಿಯಂ ಒಳಗಿಟ್ಟು ಸಿದ್ಧಪಡಿಸಿಕೊಳ್ಳಿ, 60 ಮಿ.ಮೀ. ತಟ್ಟೆಗೆ 3 ಮಿ.ಲೀ. ಮೀರಬೇಡಿ. ಪಾಲಿಸ್ಟೈರೀನ್ ತಟ್ಟೆ ತನ್ನೊಳಗೇ ಆಮ್ಲಜನಕ ಹೀರಿಟ್ಟುಕೊಂಡಿರುತ್ತದೆ, ಶೇ 0.1ರ ಕೆಲಸಕ್ಕೆ ಗಾಜಿನದು ವಾಸಿ. ಒಳಗೆ ನೀರಿನ ತಟ್ಟೆ ಮರೆತರೆ ಅಂಚಿನ ಬಾವಿಗಳು ಒಣಗಿ ಉಪ್ಪು ಗಟ್ಟಿಯಾಗುತ್ತದೆ, ಅದೂ ಒಂದು ಒತ್ತಡ.

24 ಗಂಟೆಯ ಒಂದೇ ಬಿಂದು ಸಾಲದು. ಪರ್ಕ್ ದಾರಿಯ ಗುರುತಾದ ಇಐಎಫ್2 ಆಲ್ಫಾದ ಫಾಸ್ಫೊರಿಲೇಷನ್ ತೀವ್ರ ಕೊರತೆಯ ಮೊದಲ ಒಂದೆರಡು ಗಂಟೆಯಲ್ಲಿ ಏರಿ ಆಮೇಲೆ ಇಳಿಯುತ್ತದೆ. ಎಚ್‌ಐಎಫ್-1 ಆಲ್ಫಾ ಕೂಡ ತಾನೇ ಏರಿಸುವ, ತನ್ನನ್ನೇ ಒಡೆಯಲು ದಾರಿಮಾಡುವ ಪಿಎಚ್‌ಡಿ ಎಂಬ ಕಿಣ್ವಗಳಿಂದಾಗಿ ದಿನ ಕಳೆದಂತೆ ಕುಗ್ಗುತ್ತದೆ. 1, 4, 8, 24 ಗಂಟೆ ಇಡಿ. ಲೈಸಿಸ್‌ಗೆ ಒಂದು ಸಲಕ್ಕೆ ಒಂದೇ ತಟ್ಟೆ ತೆಗೆಯಿರಿ: ಮೀಡಿಯಂ ಚೆಲ್ಲಿ, ತಣ್ಣನೆಯ ಪಿಬಿಎಸ್ ಒಮ್ಮೆ, ಕೂಡಲೇ ಲ್ಯಾಮ್ಲಿ ಬಫರ್, 95 ಡಿಗ್ರಿ 5 ನಿಮಿಷ. ಗಾಳಿ ತಾಗಿದ ಮೇಲೆ ಎಚ್‌ಐಎಫ್‌ನ ಅರ್ಧಾಯುಷ್ಯ ಐದು ನಿಮಿಷವೂ ಇಲ್ಲ. ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲ ಸ್ಯಾಂಪಲ್ ಸಮ ಹಾಕಿದ್ದೀರಿ ಎಂದು ತೋರಿಸಲು) ಜಿಎಪಿಡಿಎಚ್ ಬೇಡ, ಅದು ಎಚ್‌ಐಎಫ್‌ನಿಂದಲೇ ಏರುವ ಜೀನ್. ಟ್ಯುಬುಲಿನ್ ಇಲ್ಲವೇ ಪಾನ್ಸೊ ಬಣ್ಣ ಸಾಕು.

ಕಂಟ್ರೋಲ್‌ಗಳು: 43 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ 37ರಲ್ಲಿ 4–6 ಗಂಟೆ ಬಿಟ್ಟ ತಟ್ಟೆ ಎಚ್‌ಎಸ್‌ಪಿ70ಗೆ, ಟ್ಯೂನಿಕಾಮೈಸಿನ್ 2 ಮೈಕ್ರೊಗ್ರಾಂ/ಮಿ.ಲೀ. 16 ಗಂಟೆ ಜಿಆರ್‌ಪಿ78ಗೆ. ಆಂಟಿಬಾಡಿ ಕೆಟ್ಟಿದೆಯೋ ಇಲ್ಲವೋ ಇವೇ ಹೇಳುತ್ತವೆ. ಒಂದನ್ನು ಮಾತ್ರ ಡೇಟಾಶೀಟ್‌ನಲ್ಲಿ ನೋಡಿ: ನಿಮ್ಮದು ಎಚ್‌ಎಸ್‌ಪಿ70ರ ಸೋದರ ಪ್ರೋಟೀನ್ ಎಚ್‌ಎಸ್‌ಸಿ70ಯನ್ನೂ ಹಿಡಿಯುವ ಕ್ಲೋನ್ ಆಗಿದ್ದರೆ, ಸದಾ ಇರುವ ಆ ಬ್ಯಾಂಡ್ ಏರಿಕೆಯನ್ನು ಮುಚ್ಚಿಹಾಕುತ್ತದೆ. ಚೇಂಬರ್ ಇಲ್ಲದವರು ಬಳಸುವ ಕೋಬಾಲ್ಟ್ ಕ್ಲೋರೈಡ್ ಈ ಪ್ರಾಜೆಕ್ಟ್‌ಗೆ ಬೇಡವೇ ಬೇಡ. ಎಚ್‌ಐಎಫ್ ಏರಿಸುತ್ತದೆ ನಿಜ, ಆದರೆ ಲೋಹವೇ ಆಕ್ಸಿಡೇಟಿವ್ ಒತ್ತಡ ತಂದು ಎಚ್‌ಎಸ್‌ಪಿ70ಯನ್ನೂ ಕೆಣಕಬಹುದು.

ಕೋಲಾರದ ಬ್ಲಾಕ್‌ಗಳ ವಿಷಯಕ್ಕೆ ಬಂದರೆ, ಅಲ್ಲಿ ಸಿಗುವುದರಲ್ಲಿ ಹೊಗೆಸೊಪ್ಪು, ಎಲೆಅಡಿಕೆ ಒತ್ತರಿಸಿಟ್ಟ ಕೆನ್ನೆಯ ಒಳಭಾಗದ ಕ್ಯಾನ್ಸರ್ ಹೆಚ್ಚಿರುತ್ತದೆ ಎಂದು ಎಣಿಸಿಕೊಳ್ಳಿ. ನಾಲಗೆಯ ಕೋಶದ ಫಲಿತಾಂಶವನ್ನು ಅದಕ್ಕೆ ನೇರ ಹೊಂದಿಸಬೇಡಿ. ಎಚ್‌ಎಸ್‌ಪಿ27 ಸಾಮಾನ್ಯ ಬಾಯಿಯ ಪದರದಲ್ಲೂ ಕೋಶ ಬಲಿತಂತೆ ಏರುವ ಪ್ರೋಟೀನ್. ಕೆರಾಟಿನ್ ಮುತ್ತುಗಳಿರುವ ಗೆಡ್ಡೆಯಲ್ಲಿ ಗಾಢವಾಗಿ ಕಂಡರೆ ಅದನ್ನು ಆಮ್ಲಜನಕದ ಲೆಕ್ಕಕ್ಕೆ ಬರೆಯಬೇಡಿ. ಕೊರತೆ ಎಲ್ಲಿದೆ ಎಂದು ತಿಳಿಯಲು ಪಕ್ಕದ ಸೆಕ್ಷನ್‌ಗೆ ಕೊರತೆಯ ಗುರುತಾದ ಸಿಎ9 ಪ್ರೋಟೀನಿನ ಬಣ್ಣ ಹಾಕಿ, ರಕ್ತನಾಳದಿಂದ 100–200 ಮೈಕ್ರಾನ್ ದೂರ, ಸತ್ತ ಭಾಗದ ಅಂಚಿನಲ್ಲಿ ಅದು ಬರಬೇಕು. ಅಡಿಕೆಯಿಂದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆದವರ ಕೆನ್ನೆಯಲ್ಲಿ ನಾರುಗಟ್ಟಿ ರಕ್ತಸಂಚಾರವೇ ತಗ್ಗಿರುತ್ತದೆ, ಹಾಗಾಗಿ ಗೆಡ್ಡೆಯ ಪಕ್ಕದ ತುಂಡು ನಾರ್ಮಲ್ ಕಂಟ್ರೋಲ್ ಅಲ್ಲ. ಆಪರೇಷನ್‌ನಲ್ಲಿ ರಕ್ತನಾಳ ಕಟ್ಟಿದ ಮೇಲೆ ಫಾರ್ಮಲಿನ್‌ಗೆ ಬೀಳುವವರೆಗಿನ ಹೊತ್ತಿನಲ್ಲೂ ಇವೆಲ್ಲ ಏರಬಹುದು. ದೊಡ್ಡ ಸ್ಪೆಸಿಮೆನ್‌ಗಿಂತ ಚಿಕಿತ್ಸೆಗೆ ಮುಂಚಿನ ಪಂಚ್ ಬಯಾಪ್ಸಿ ಕೇಳಿ. ರೇಡಿಯೇಷನ್ ಅಥವಾ ಕೀಮೊ ಆಗಿದ್ದ ಬ್ಲಾಕ್‌ಗಳನ್ನು ಪಟ್ಟಿ ಮಾಡುವಾಗಲೇ ಬೇರ್ಪಡಿಸಿ, ಹಿಮೋಗ್ಲೋಬಿನ್ ಅಂಕಿಯನ್ನೂ ಕೇಸ್ ಶೀಟ್‌ನಿಂದ ಬರೆದುಕೊಳ್ಳಿ. ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಈ ಎರಡನ್ನೂ ಸೇರಿಸಿ, ಆಮೇಲೆ ಕೇಳಿದರೆ ಮತ್ತೆ ಒಪ್ಪಿಗೆ ತೆಗೆದುಕೊಳ್ಳಬೇಕಾಗುತ್ತದೆ.