ಬೀದಿ ಪೊಲೀಸನ ಕೆಲಸ ಯಾವುದು?

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗ ಅಮೆರಿಕದ ಟೆಕ್ಸಸ್‌ನಲ್ಲಿದ್ದಾರೆ. ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾರೆ. ಪತ್ರದ ತಿರುಳು ಇದು: "ವಲಸೆ ಕಾನೂನು ಜಾರಿ ಮಾಡೋದು ನಮ್ಮ ಪೊಲೀಸರ ಕೆಲಸ ಅಲ್ಲ ಅಂತ ಅಮೆರಿಕದ ಎಷ್ಟೋ ನಗರಗಳು ಕೇಂದ್ರಕ್ಕೇ ಎದುರು ನಿಂತಿವೆ. ಇದು ಅರಾಜಕತೆ ಅಲ್ಲವೇ? ನನ್ನ ಮಗ ನಿಯಮದಂತೆ ಕಾಯುತ್ತಿರುವಾಗ, ಬೇಲಿ ಹಾರಿ ಬಂದವರಿಗೆ ನಗರಗಳೇ ಕೊಡೆ ಹಿಡಿಯೋದು ಯಾವ ನ್ಯಾಯ?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಕಾಲದಲ್ಲೂ ಇಷ್ಟು ದುಂಡಗೆ ಬರೆಯುವವರಿದ್ದಾರಲ್ಲ ಅಂತ ಖುಷಿಯಾಯಿತು. ಮಗನ ಬಗ್ಗೆ ಬರೆದ ಸಾಲುಗಳು ಮನಸ್ಸಿಗೆ ತಟ್ಟಿದವು. ದೇಶ ಅಂದಮೇಲೆ ಗಡಿ ಬೇಕು, ಗಡಿಗೆ ಕಾನೂನು ಬೇಕು. ಒಪ್ಪುತ್ತೇನೆ. 2015ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ದಂಡೆಯಲ್ಲಿ ಅಪ್ಪನ ಜೊತೆ ನಡೆದು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಗುಂಡು ತಗುಲಿ ಸತ್ತಳು. ಪಿಸ್ತೂಲು ಇದ್ದದ್ದು ಐದು ಸಲ ಗಡೀಪಾರಾಗಿದ್ದ ಮನುಷ್ಯನ ಕೈಯಲ್ಲಿ. ಕೆಲವೇ ತಿಂಗಳ ಹಿಂದೆ ಅಲ್ಲಿನ ಜೈಲು ನೋಡಿಕೊಳ್ಳುವ ಷೆರೀಫ್ ಕಚೇರಿ ವಲಸೆ ಇಲಾಖೆಗೆ ತಿಳಿಸದೆ ಅವನನ್ನು ಬಿಟ್ಟುಬಿಟ್ಟಿತ್ತು. ಆ ಅಪ್ಪನ ಎದುರು ನಿಂತು ವಾದ ಮಾಡುವ ಧೈರ್ಯ ನನಗಿಲ್ಲ.

ಆದರೆ ಕೊಡೆ ಹಿಡಿಯೋದು ಅಂದಿರಲ್ಲ, ಅಲ್ಲಿ ಎಡವಿದ್ದೀರಿ. ಮಕ್ಕಳಿಗೆ ಪಾಠ ಹೇಳಿದವರು ನೀವು. ಇನ್ನೊಂದಿಷ್ಟು ಓದಿಕೊಂಡು ಬರೆಯಬೇಕಿತ್ತು.

ಅಲ್ಲಿ ಯಾರನ್ನೇ ಹಿಡಿದು ಜೈಲಿಗೆ ಹಾಕಿದರೂ ಬೆರಳಚ್ಚು ತೆಗೆಯುತ್ತಾರೆ. ಅದು ಎಫ್‌ಬಿಐಗೆ ಹೋಗುತ್ತದೆ, ಅಲ್ಲಿಂದ ತಾನಾಗಿಯೇ ವಲಸೆ ಇಲಾಖೆಗೂ ಹೋಗುತ್ತದೆ. ಕದ್ದವನ ಮೇಲೆ ಕಳ್ಳತನದ ಕೇಸು ಇದ್ದೇ ಇರುತ್ತದೆ. ಜಗಳ ಶುರುವಾಗೋದು ಆಮೇಲೆ. ಬಿಡುಗಡೆಯಾಗಬೇಕಾದವನನ್ನು ಇನ್ನೂ 48 ಗಂಟೆ ಒಳಗೇ ಇಡಿ ಅಂತ ವಲಸೆ ಇಲಾಖೆ ಒಂದು ಕಾಗದ ಕಳಿಸುತ್ತದೆ. ಡಿಟೈನರ್ ಅನ್ನುತ್ತಾರೆ. ಅದರ ಮೇಲೆ ನ್ಯಾಯಾಧೀಶರ ಸಹಿ ಇರುವುದಿಲ್ಲ. ಆರೆಗಾನ್ ರಾಜ್ಯದ ಕ್ಲಾಕಮಸ್ ಕೌಂಟಿ (ನಮ್ಮ ಜಿಲ್ಲೆಯಂಥದು) ಇಂಥದೇ ಕಾಗದ ನಂಬಿ ಹೆಂಗಸೊಬ್ಬರನ್ನು ಜೈಲಿನಲ್ಲೇ ಇಟ್ಟುಕೊಂಡಿತ್ತು. ಅದು ಸಂವಿಧಾನಕ್ಕೆ ವಿರುದ್ಧ, ಹೊಣೆ ಕೌಂಟಿಯದೇ ಅಂತ 2014ರಲ್ಲಿ ಕೋರ್ಟು ಹೇಳಿತು. ಕಾಗದ ಕಳಿಸಿದವರು ಕೇಂದ್ರದವರು, ಹೊಣೆ ಹೊತ್ತವರು ಊರಿನವರು!

ಇದು ನಿನ್ನೆ ಮೊನ್ನೆಯ ಎಡಪಂಥೀಯರ ಹಟ ಅಂತಲೂ ಬರೆದಿದ್ದೀರಿ. ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ 1979ರಲ್ಲೇ 'ಸ್ಪೆಷಲ್ ಆರ್ಡರ್ 40' ತಂದಿತು. ಯಾವ ದೇಶದವನು ಅಂತ ಪತ್ತೆ ಮಾಡುವುದಕ್ಕೋಸ್ಕರವೇ ಯಾರನ್ನೂ ತಡೆದು ನಿಲ್ಲಿಸಬೇಡಿ ಅನ್ನುವ ಆದೇಶ ಅದು. ಹೊರಡಿಸಿದವರು ಡ್ಯಾರಿಲ್ ಗೇಟ್ಸ್. ಖಡಕ್ ಪೊಲೀಸ್ ಮುಖ್ಯಸ್ಥ ಅಂತಲೇ ಹೆಸರಾದವರು. ನ್ಯೂಯಾರ್ಕಿನಲ್ಲಿ ಮೇಯರ್ ಎಡ್ ಕೋಚ್ 1989ರಲ್ಲಿ ಇಂಥದೇ ಆದೇಶ ಕೊಟ್ಟರು. ಮುಂದೆ ಅದನ್ನು ಉಳಿಸಿಕೊಳ್ಳಲು ಕೇಂದ್ರದ ಮೇಲೆ ಕೇಸು ಹಾಕಿದವರು ಬಲಪಂಥೀಯ ರಿಪಬ್ಲಿಕನ್ ಪಕ್ಷದ ಮೇಯರ್ ರೂಡಿ ಜೂಲಿಯಾನಿ. ಕೇಸು ಸೋತರು, ಆ ಮಾತು ಬೇರೆ.

ಕಾನೂನು ಏನನ್ನುತ್ತದೆ ಅಂತ ಕೇಳಿದಿರಿ. ಮೊಂಟಾನಾ ರಾಜ್ಯದಲ್ಲಿ ಜೇ ಪ್ರಿಂಟ್ಜ್ ಅಂತ ಒಬ್ಬ ಷೆರೀಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಇದ್ದರು. ಬಂದೂಕು ಕೊಳ್ಳುವವರ ಪೂರ್ವಾಪರ ನೀನು ವಿಚಾರಿಸು ಅಂತ ಕೇಂದ್ರದ ಕಾನೂನು ಅವರಿಗೆ ಹೇಳಿತು. ನಿಮ್ಮ ಕೆಲಸ ನಾನ್ಯಾಕೆ ಮಾಡಲಿ ಅಂತ ಅವರು ಸುಪ್ರೀಂ ಕೋರ್ಟಿಗೆ ಹೋಗಿ 1997ರಲ್ಲಿ ಗೆದ್ದರು. ರಾಜ್ಯದ, ಊರಿನ ಅಧಿಕಾರಿಗಳನ್ನು ಕೇಂದ್ರ ತನ್ನ ಆಳುಗಳಂತೆ ದುಡಿಸಿಕೊಳ್ಳುವಂತಿಲ್ಲ ಅಂತ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಬಲಪಂಥೀಯರು ತಲೆಮೇಲೆ ಹೊತ್ತುಕೊಂಡ ನ್ಯಾಯಮೂರ್ತಿ. ಇವತ್ತು ನಗರಗಳು ನಿಂತಿರೋದು ಅದೇ ತೀರ್ಪಿನ ಮೇಲೆ. ಇನ್ನೂ ಹಿಂದಕ್ಕೆ ಹೋದರೆ 1842. ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನನ್ನು ಆಗ ಕೋರ್ಟು ಎತ್ತಿಹಿಡಿಯಿತು. ಆದರೆ ಅದನ್ನು ಜಾರಿ ಮಾಡಿ ಅಂತ ರಾಜ್ಯಗಳನ್ನು ಬಲವಂತ ಮಾಡುವಂತಿಲ್ಲ ಅಂದಿತು. ಉತ್ತರದ ರಾಜ್ಯಗಳು ಆ ಒಂದು ಮಾತನ್ನೇ ಹಿಡಿದುಕೊಂಡು, ನಮ್ಮ ಜೈಲು ಕೊಡೋದಿಲ್ಲ, ನಮ್ಮ ಪೊಲೀಸರನ್ನು ಕಳಿಸೋದಿಲ್ಲ ಅಂತ ಕಾನೂನು ಮಾಡಿದವು. ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೂ ನನ್ನನ್ನು ಒಪ್ಪಿಸಿದ್ದು ತೀರ್ಪುಗಳಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ವಯಸ್ಸಾದ ಹೆಂಗಸೊಬ್ಬರ ಸರ ಕಿತ್ತುಕೊಂಡು ಹೋದರು. ಎದುರಿನ ಕಟ್ಟಡದ ಕೆಲಸದ ಶೆಡ್ಡಿನಲ್ಲಿದ್ದ ಹೆಣ್ಣುಮಗಳು ಬೈಕು ನೋಡಿದ್ದಳು, ಮುಖವನ್ನೂ ನೋಡಿದ್ದಳು. ಠಾಣೆಗೆ ಬಾರಮ್ಮ ಅಂದರೆ ಬರಲಿಲ್ಲ. "ಕಾರ್ಡು ಕೇಳ್ತಾರೆ ಸಾರ್" ಅಂದಳು. ಅವಳು ಬಳ್ಳಾರಿ ಕಡೆಯವಳು, ನಮ್ಮ ರಾಜ್ಯದವಳೇ. ಮಾರನೇ ದಿನ ಶೆಡ್ಡು ಖಾಲಿ. ಸರ ಸಿಗಲಿಲ್ಲ. ಅವತ್ತಿನಿಂದ ನನಗೆ ಒಂದು ವಿಷಯ ಖಚಿತವಾಯಿತು. ಠಾಣೆ ಮೆಟ್ಟಿಲು ಹತ್ತಲು ಬಡವರು ಹೆದರಿದರೆ ಕಳ್ಳನಿಗೆ ಹಬ್ಬ.

ಹ್ಯೂಸ್ಟನ್ ಪೊಲೀಸ್ ಮುಖ್ಯಸ್ಥರಾಗಿದ್ದ ಆರ್ಟ್ ಅಸೆವೆಡೋ 2017ರಲ್ಲಿ ಒಂದು ಲೆಕ್ಕ ಕೊಟ್ಟರು. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸಮುದಾಯದವರು ಕೊಟ್ಟ ಅತ್ಯಾಚಾರದ ದೂರುಗಳು ಹಿಂದಿನ ವರ್ಷಕ್ಕಿಂತ ಶೇ. 42.8ರಷ್ಟು ಇಳಿದಿದ್ದವು. ಅತ್ಯಾಚಾರ ಕಮ್ಮಿಯಾಯಿತು ಅಂತ ಅವರು ಸಂತೋಷಪಡಲಿಲ್ಲ. ಹೆಂಗಸರು ಬಾಯಿ ಮುಚ್ಚಿಕೊಂಡರು ಅಂತ ಸಂಕಟಪಟ್ಟರು. ಆ ಸಂಖ್ಯೆಯ ಹಿಂದೆ ಎಷ್ಟು ಮನೆಗಳಿವೆ, ಯೋಚಿಸಿ ಮೇಷ್ಟ್ರೇ. ಹೊಡೆಯುವ ಗಂಡ, ಕೂಲಿ ಕೊಡದ ಮೇಸ್ತ್ರಿ, ಎಲ್ಲರಿಗೂ ಗೊತ್ತು ಇವಳು ಪೊಲೀಸರ ಹತ್ತಿರ ಹೋಗಲ್ಲ ಅಂತ.

ಎದುರು ಉದಾಹರಣೆಯೂ ಇದೆ. ಸ್ಥಳೀಯ ಪೊಲೀಸರಿಗೆ ವಲಸೆ ಅಧಿಕಾರ ಕೊಡುವ 287(ಜಿ) ಎಂಬ ಒಪ್ಪಂದಕ್ಕೆ 1996ರಲ್ಲೇ ದಾರಿಯಾಗಿತ್ತು. ಅರಿಜೋನಾದ ಮಾರಿಕೋಪಾ ಕೌಂಟಿಯ ಷೆರೀಫ್ ಜೋ ಅರ್ಪಾಯೋ ಅದನ್ನು ಹಿಡಿದುಕೊಂಡು ರಸ್ತೆಗಿಳಿದರು. ಲ್ಯಾಟಿನೋ ಜನರನ್ನು ಅವರ ಜನಾಂಗ ನೋಡಿಯೇ ತಡೆಯಲಾಗುತ್ತಿತ್ತು ಅಂತ 2013ರಲ್ಲಿ ಕೋರ್ಟು ಹೇಳಿತು. ಹಾಗೆ ತಡೆಸಿಕೊಂಡವರಲ್ಲಿ ಅಮೆರಿಕದ ಪ್ರಜೆಗಳೂ ಇದ್ದರು.

ಈಗ ನಿಮ್ಮ ಮಗನ ವಿಷಯ. ಟೆಕ್ಸಸ್ 2017ರಲ್ಲೇ ಒಂದು ಕಾನೂನು ತಂದಿದೆ. ಪೊಲೀಸರು ತಡೆದ ಯಾರನ್ನೇ ಆಗಲಿ ವಲಸೆ ಸ್ಥಿತಿ ಕೇಳಬಹುದು. ಕೇಳಬೇಡಿ ಅನ್ನುವ ಮೇಯರ್‌ಗೆ ದಂಡ ಬೀಳುತ್ತದೆ, ಕುರ್ಚಿಯೂ ಹೋಗಬಹುದು. ನಿಮ್ಮ ಮಗ ಸಿಗ್ನಲ್ ಹಾರಿಸಿದರೂ ಆ ಪ್ರಶ್ನೆ ಬರಬಹುದು. ವೀಸಾದಲ್ಲಿರುವವರು ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ. ಬೇಲಿ ಹಾರಿದವನು ಯಾರು, ಹನ್ನೆರಡು ವರ್ಷ ಕಾದವನು ಯಾರು ಅಂತ ಮೈಬಣ್ಣ ನೋಡಿದರೆ ಗೊತ್ತಾಗುತ್ತದೆಯೇ? 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸಿನವನು ಎತ್ತಿ ನೆಲಕ್ಕೆ ಕುಕ್ಕಿದ. ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿ ವಲಸೆ ಕಾನೂನಿನ ಮಾತೇ ಇರಲಿಲ್ಲ, ಬರೀ ಗುಮಾನಿ. ಅಂಥ ಕೈಗೆ ಇನ್ನೊಂದು ಅಧಿಕಾರ ಸೇರಿಸಬೇಕೇ?

ನಮ್ಮಲ್ಲೂ ಆಗಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರಿದ್ದಾರೆ ಅಂತ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಅಮೆರಿಕದಲ್ಲಾದರೆ ಮೇಯರ್‌ನನ್ನು ಜನ ಹಿಡಿದು ಕೇಳಬಹುದಿತ್ತು. ನಾವು ಯಾರನ್ನು ಕೇಳೋಣ? ನಮ್ಮ ಮೇಯರ್ ಮಾತನ್ನು ಒಬ್ಬ ಪೇದೆಯೂ ಕೇಳಬೇಕಾಗಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಊರಿಗೆ ಊರಿನದೇ ಒಂದು ಮಾತು ಇರಬೇಕು ಅನ್ನುವ ಆಸೆಯೇ ನಮ್ಮಲ್ಲಿ ಬತ್ತಿಹೋಗಿದೆ. ಅದಕ್ಕೇ ಅಲ್ಲಿನ ನಗರಗಳು ಕೇಂದ್ರಕ್ಕೆ ಆಗಲ್ಲ ಅಂದಾಗ ನಮಗೆ ಅರಾಜಕತೆ ಅನ್ನಿಸುತ್ತದೆ.

ಮುಂದಿನ ಭಾನುವಾರ ಮಗ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ ಮೇಷ್ಟ್ರೇ. ಸಂಜೆ ಸುಮ್ನೆ ಹಾಲು ತರೋದಕ್ಕೆ ಹೊರಟಾಗಲೂ ಕಾಗದ ಜೇಬಿನಲ್ಲಿ ಇಟ್ಟುಕೊಳ್ತೀಯಾ ಅಂತ. ಏನಂದರು ಅಂತ ನನಗೆ ಬರೆಯಿರಿ.